ಯಮುನತ್ತೆ ಪಾಸು ಮಾಡಿದ ಸಿನಿಮಾ

ಇವತ್ತು ಬೆಳಿಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿ ಬಿಸಿಯಾಗಿ, ಸುಟ್ಟ ಧೂಳಿನ ವಾಸನೆ ಅಡುಗೆಮನೆಯೆಲ್ಲ ಹಬ್ಬಿತು. ಅಷ್ಟೇ ಸಾಕಾಯಿತು ನೋಡಿ, ಈ ವಯಸ್ಸಿನಲ್ಲೂ ಹಳೆಯ ಹೆದರಿಕೆ ಮರಳಿ ಬಂತು. ಎಂಬತ್ತರ ದಶಕದಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಬಾಡಿಗೆಯ ವೀಸೀಆರ್ ಎರಡು ತಾಸು ಓಡಿದ ಮೇಲೆ ಹೀಗೇ ನಾರುತ್ತಿತ್ತು. ಇದ್ದದ್ದು ಒಂದೂವರೆ ಕೋಣೆ. ಭಾನುವಾರ ಮಧ್ಯಾಹ್ನ ಅದರೊಳಗೆ ಇಡೀ ಮಾಳಿಗೆಯ ಜನ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ನೀವೂ ಹಾಗೆ ಕೂತವರಾಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಎಲ್ಲರೂ ಕೂರುವ ಮೊದಲು ಕ್ಯಾಸೆಟ್ಟು ಪಾಸಾಗಬೇಕಿತ್ತು. ಪಾಸು ಮಾಡುವವಳು ಅಪ್ಪನ ಅಕ್ಕ, ಯಮುನತ್ತೆ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಉಡುಪಿ ಕಡೆಯಿಂದ ತಮ್ಮನ ಮನೆ ಸೇರಿದವಳು. ಮದುವೆ ಮುಂಜಿಗಳಲ್ಲಿ ಯಾರೂ ಅವಳನ್ನು ಮುಂದೆ ಕರೆಯುತ್ತಿರಲಿಲ್ಲ. ಇದೊಂದು ಕೆಲಸದಲ್ಲಿ ಮಾತ್ರ ಅವಳ ಮಾತೇ ಮಾತು. ಬೆಳಿಗ್ಗೆ ಅಡುಗೆ ಮುಗಿಸಿ, ಸೆರಗು ಸರಿಮಾಡಿಕೊಂಡು, ಟೀವಿ ಮುಂದೆ ಜಡ್ಜಿನ ಹಾಗೆ ಕೂರುವಳು. “ಅಡ್ಡಿಲ್ಲ, ಮಕ್ಳೂ ನೋಡ್ಬಹುದು” ಅಂದರೆ ಮಾಳಿಗೆಗೆಲ್ಲ ಹಬ್ಬ. ಇಂಗ್ಲಿಷ್ ಚಿತ್ರವಾದರೆ ಅರ್ಥ ಹೇಳಲು ನಾನು ಪಕ್ಕದಲ್ಲಿ. ಕಾನ್ವೆಂಟಿಗೆ ಹೋಗುವ ಹನ್ನೊಂದು ವರ್ಷದ ದೊಡ್ಡ ಪಂಡಿತೆ!

ಆ ಭಾನುವಾರದ್ದು, ಹಿಮದ ಅಂಗಳದಲ್ಲಿ ಜೋಡಿಯಾಗಿ ಜಾರುತ್ತ ಕುಣಿದು ಪಂದ್ಯ ಗೆಲ್ಲಹೊರಟ ಇಬ್ಬರ ಪ್ರೇಮಕಥೆ. ನಾನು ಕಂಡಿದ್ದ ಐಸೆಂದರೆ ಸ್ಟೇಷನ್ನಿನ ಹತ್ತಿರ ಕಬ್ಬಿನ ಹಾಲಿನವನು ಗೋಣಿಯಲ್ಲಿ ಸುತ್ತಿಡುತ್ತಿದ್ದ ಕೊಳಕು ಗಡ್ಡೆ. ಅಂಥದ್ದರ ಮೇಲೆ ಹುಡುಗಿಯೊಬ್ಬಳು ಹಾರುವುದನ್ನು ಕಂಡು ನನಗೆ ಹುಚ್ಚೇ ಹಿಡಿಯಿತು. ತುಂಡು ಲಂಗವನ್ನು ಆಟದ ಬಟ್ಟೆಯೆಂದು ಅತ್ತೆ ಹೇಗೋ ಒಪ್ಪಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. “ಆ ಮಾಣಿ ಅವ್ಳ ಸೊಂಟ ಬಿಡುದೇ ಇಲ್ಲ ಅಲ್ಲನೇ! ಅವ್ನು ಅವ್ಳಿಗೆ ಎಂತ ಆಗ್ಬೇಕು?”

“ಅಣ್ಣ” ಅಂದುಬಿಟ್ಟೆ.

ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದಳು. ಚಿತ್ರ ಅರ್ಧವೂ ಆಗಿರಲಿಲ್ಲ. “ಹಾಗಾದ್ರೆ ಅಡ್ಡಿಲ್ಲ” ಎಂದು ಎದ್ದು ಟೀವಿ ಆರಿಸಿದಳು.

ಮಧ್ಯಾಹ್ನ ಚಿತ್ರ ಶುರುವಾದ ಮೇಲೆ ನನಗೆ ಹೆದರಿಕೆ ಹತ್ತಿತು. ಅಪ್ಪನಿಗೆ ಸುಳ್ಳೆಂದರೆ ಆಗದು. ಮಾರ್ಕಿನ ವಿಷಯದಲ್ಲಿ ಒಮ್ಮೆ ಸುಳ್ಳಾಡಿದ್ದಕ್ಕೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಭಯ ಅತ್ತೆಯ ಕುರಿತದ್ದು. ಈಗೇನಾದರೂ ಆದರೆ ನಾಳೆಯಿಂದ ಅವಳ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಅವನು ಅವಳನ್ನು ಎತ್ತಿದಾಗೆಲ್ಲ ನನ್ನ ಕಣ್ಣು ಅಪ್ಪನತ್ತ ಓಡುತ್ತಿತ್ತು. ಕರೆಂಟು ಹೋಗಲಿ, ಟೇಪು ಸಿಕ್ಕಿಹಾಕಿಕೊಳ್ಳಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಒಬ್ಬ ದೇವರೂ ಬರಲಿಲ್ಲ. ಕೊನೆಯ ಪಂದ್ಯಕ್ಕೆ ಮುಂಚೆ ಅವನು ಅವಳ ಮುಖ ಹಿಡಿದುಕೊಂಡು ಮುತ್ತಿಟ್ಟ. ಅದು ಮುಗಿಯಲೇ ಇಲ್ಲ. ಪಕ್ಕದ ಮನೆಯ ಮರಾಠಿ ಕಾಕೂ “ಅಗ ಬಾಯಿ!” ಎಂದು ಮಗಳ ಕಣ್ಣಿಗೆ ಸೆರಗು ಮುಚ್ಚಿದಳು.

“ಅಕ್ಕ, ನೀನು ನೋಡಿಯೇ ಹೇಳಿದ್ದಾ?” ಅಪ್ಪ ಕೇಳಿದರು.

ಅವಳು ನನ್ನತ್ತ ಬೆರಳು ತೋರಿಸಿದ್ದರೆ ಆಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ. “ಹೌದು. ನಾನೇ ಅಡ್ಡಿಲ್ಲ ಅಂದದ್ದು. ತಪ್ಪಾಯ್ತು” ಎಂದಳು ಅತ್ತೆ, ಇಪ್ಪತ್ತು ಜನರ ಎದುರಿಗೆ. ಅಪ್ಪ ಪ್ಲಗ್ಗು ಕಿತ್ತರು.

ಮುಂದಿನ ವಾರದಿಂದ ಕ್ಯಾಸೆಟ್ಟುಗಳನ್ನು ಅಪ್ಪನೇ ಪಾಸು ಮಾಡಿದರು. ಅತ್ತೆ ಒಳಗೆ ಕೂತು ಅಕ್ಕಿಯಲ್ಲಿ ಕಲ್ಲು ಹೆಕ್ಕುತ್ತ ಡೈಲಾಗು ಮಾತ್ರ ಕೇಳಿಸಿಕೊಳ್ಳುತ್ತಿದ್ದಳು. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ನಾನು ವರ್ಷಗಟ್ಟಲೆ ಹೆದರಿದೆ. ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಥೂ, ಎಂಥ ಹೇಡಿ ನಾನು!

ಪಕ್ಕದೂರು ಕಲ್ಯಾಣ್‌ನ ಆಸ್ಪತ್ರೆಯಲ್ಲಿ ಅವಳು ಕೊನೆಯ ಬಾರಿ ಮಲಗಿದ್ದಾಗ ಕಡೆಗೂ ಹೇಳಿದೆ. “ಅತ್ತೆ, ಆ ಐಸಿನ ಸಿನಿಮಾದವ್ನು ಅಣ್ಣ ಅಲ್ಲ.”

“ಗೊತ್ತಿತ್ತು ಮಾರಾಯ್ತಿ. ಅಣ್ಣ ಯಾರಾದ್ರೂ ಹಾಗೆ ನೋಡ್ತಾನಾ? ಪೂರ್ತಿ ಕಂಡ್ರೆ ಬೇಡ ಅನ್ಬೇಕಾಗ್ತಿತ್ತು, ಅದ್ಕೇ ಎದ್ದೆ. ನಂಗೂ ಎಲ್ಲರ ಒಟ್ಟಿಗೆ ಕೂತು ಅದನ್ನು ನೋಡ್ಬೇಕು ಅಂತ ಇತ್ತು.” ನನ್ನತ್ತ ಹೊರಳಿ ಕೇಳಿದಳು, “ಕಡೆಗೆ ಅವ್ರು ಗೆದ್ರಾ?”

ಆ ಚಿತ್ರವನ್ನು ಮತ್ತೆ ಹುಡುಕಿ ಅದರ ಕೊನೆ ನೋಡುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ.

“ಗೆದ್ರು ಅತ್ತೆ. ಇಬ್ರೂ ಗೆದ್ರು” ಎಂದೆ.