ಚಾಂದನಿಯ ಬಾಲ, ಸಂಘಮಿತ್ರಾಳ ಹರಳು

ಟಿಕೋಟಾದ ಶಾಲೆಯವರು ಹಳೆಯ ವಿದ್ಯಾರ್ಥಿಗಳ ಪುಸ್ತಕ ಮಾಡುತ್ತಿದ್ದಾರಂತೆ. ನಮ್ಮ ಸಂಘಮಿತ್ರಾಳ ಬಗ್ಗೆಯೂ ಬರೆದುಕೊಡಿ ಎಂದು ಹೇಳಿ ಹೋದರು. ಅವಳನ್ನೇ ಕೇಳಿದರೆ ನಾಲ್ಕು ಸಾಲು ಬರೆಯುತ್ತಾಳೆ, ಅದರಲ್ಲಿ ಮೂರು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಅಜ್ಜಿಯಾದ ನಾನು ಹೇಳುತ್ತೇನೆ, ಅವಳ ತಂಗಿ ಆಮ್ರಪಾಲಿ ಬರೆದುಕೊಳ್ಳುತ್ತಾಳೆ.

ಸಂಘಮಿತ್ರಾ ನನ್ನ ಮಗ ರಾಜಾರಾಮನ ಹಿರಿಯ ಮಗಳು. ಅವಳದು ರಚನಾ ಜೀವರಸಾಯನ ಶಾಸ್ತ್ರ. ಜೀವ ಇರುವ ಎಲ್ಲದರೊಳಗೂ ಪ್ರೋಟೀನು ಇರುತ್ತದಲ್ಲ, ಕಣ್ಣಿಗೆ ಕಾಣದ ಅದರ ಆಕಾರ ಹೇಗಿದೆ ಎಂದು ಕಂಡುಹಿಡಿಯುವ ಕೆಲಸ. ಹೆಸರಿನ ಮುಂದೆ ಡಾಕ್ಟರ್ ಎಂದು ಬಂದ ದಿನ, ದ್ರಾಕ್ಷಿ ತೋಟದ ಶಂಕರೆಪ್ಪ ನಮ್ಮ ಕಟ್ಟೆಯ ಮೇಲೆ ಕೈ ಚಾಚಿ ಕೂತ.

"ಪರಸವ್ವಾ, ನಿನ್ನ ಮೊಮ್ಮಗಳಿಗೆ ನನ್ನ ನಾಡಿ ನೋಡಾಕ ಹೇಳಬೇ."

"ನಿಮ್ಮದಲ್ರಿ ಅಣ್ಣಾರ, ನಿಮ್ಮ ದ್ರಾಕ್ಷಿ ಬಳ್ಳಿ ನಾಡಿ ನೋಡ್ತಾಳ ಅಕಿ."

"ಹಂಗಾರ ನನಗಿಂತ ಬಳ್ಳೀನ ಪುಣ್ಯ ಮಾಡೇತಿ ಬಿಡು!"

ನಮ್ಮೂರು ಬಿಜ್ಜರಗಿ. ರಾಜಾರಾಮ ಮತ್ತು ಅವನ ಹೆಂಡತಿ ಶಂಕರೆಪ್ಪನ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದರು. ಸಂಘಮಿತ್ರಾಳಿಗೆ ಆಗ ಎಂಟು ವರ್ಷ. ಶಾಲೆಗೆ ಮನೂಕ, ಅಂದರೆ ಒಣದ್ರಾಕ್ಷಿ, ಒಯ್ಯುವ ಅವಸರಕ್ಕೆ ನೆರಳಿನ ಜಾಳಿಗೆಯಿಂದ ಒಂದು ಬುಟ್ಟಿ ದ್ರಾಕ್ಷಿ ಎತ್ತಿ ಬಿಸಿಲಿಗೆ ಹರಡಿದಳು. ಮೂರು ದಿನಕ್ಕೆ ಎಲ್ಲ ಕರ್ರಗೆ, ಆಡಿನ ಹಿಕ್ಕೆಯ ಹಾಗೆ. ಶಂಕರೆಪ್ಪ ಬೈಯಲಿಲ್ಲ, ಅದು ಅವನ ದೊಡ್ಡ ಗುಣ. "ಬಿಸಲಾಗ ಇಟ್ರ ಬರೇ ಒಣಗತೈತಿ ತಂಗಿ, ಬಣ್ಣ ಬರಂಗಿಲ್ಲ. ನೀರ ತನ್ನಷ್ಟಕ್ಕ ತಾನ ಹೋಗಬೇಕು" ಎಂದ. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಟಿಕೋಟಾದ ಶಾಲೆ ಮುಗಿಸಿ ಕಾಲೇಜಿಗೆ ವಿಜಯಪುರಕ್ಕೆ ಹೋದಳು. ಸಿದ್ಧೇಶ್ವರ ಗುಡಿಯ ಹಿಂದೆ ಒಂದು ಖೋಲಿ ಹಿಡಿದು ನಾನೇ ಅಡುಗೆ ಮಾಡಿ ಹಾಕುತ್ತಿದ್ದೆ. ಅಲ್ಲಿನ ನೀರಿಗೆ ಬೇಳೆ ಬೇಯುತ್ತಿರಲಿಲ್ಲ, ಅದು ಬೇರೆ ಕಥೆ. ದಿನಾ ಅವಳನ್ನು ಕಾಲೇಜಿಗೆ ಬಿಡುತ್ತಿದ್ದುದು ಮಲ್ಲಿಕಸಾಬನ ಟಾಂಗಾ, ಎಳೆಯುತ್ತಿದ್ದುದು ಚಾಂದನಿ ಎಂಬ ಬಿಳಿ ಕುದುರೆ. ಒಮ್ಮೆ ಹುಡುಗಿಯ ಹೆಬ್ಬೆರಳ ಮೇಲೆ ನರಹುಲಿ ಎದ್ದಿತು. ಮಲ್ಲಿಕಸಾಬ ಚಾಂದನಿಯ ಬಾಲದ ಒಂದು ಕೂದಲು ಕಿತ್ತು ಅದರ ಬುಡಕ್ಕೆ ಬಿಗಿದು ಕಟ್ಟಿದ. ನಮ್ಮ ಕಡೆ ಹಾಗೇ ಮಾಡುವುದು. ಹತ್ತು ದಿನಕ್ಕೆ ನರಹುಲಿ ಉದುರಿತು, ಕೂದಲು ಹರಿಯಲಿಲ್ಲ.

ಆಮೇಲೆ ಪುಣೆ. ಅಲ್ಲಿನ ಪ್ರಯೋಗಾಲಯದಲ್ಲಿ ಮೃಣಾಲ ಮೇಡಂ ಎಂಬುವರ ಕೈಕೆಳಗೆ ಸಂಶೋಧನೆ. ಬೇರೆಯವರು ದೊಡ್ಡ ದೊಡ್ಡ ರೋಗ ಆರಿಸಿಕೊಂಡರೆ ಇವಳು ದ್ರಾಕ್ಷಿ ಎಲೆಗೆ ಬೂಷ್ಟು ಹಿಡಿಸುವ ಡೌನಿ ರೋಗ ಆರಿಸಿಕೊಂಡಳು. ಆ ಬೂಷ್ಟು ಒಂದು ಪ್ರೋಟೀನಿನಿಂದ ಎಲೆಯೊಳಗೆ ನುಗ್ಗುತ್ತದಂತೆ. ಕಾಲಿಗೆ ನೆಟ್ಟ ಜಾಲಿ ಮುಳ್ಳು ಎತ್ತ ಬಾಗಿದೆ ಎಂದು ಗೊತ್ತಾದರೆ ಕೀಳುವುದು ಸುಲಭವಲ್ಲವೇ, ಇದೂ ಹಾಗೆ. ಆದರೆ ಆಕಾರ ಕಾಣಬೇಕಾದರೆ ಆ ಪ್ರೋಟೀನು ಮೊದಲು ಕಲ್ಲುಸಕ್ಕರೆಯಂತೆ ಹರಳುಗಟ್ಟಬೇಕು. ಹರಳನ್ನು ಇಂದೋರಿಗೆ ಒಯ್ದು ಎಕ್ಸರೇ ಬಿಡುತ್ತಾರೆ.

ಹರಳುಗಟ್ಟಲು ಪ್ರೋಟೀನು ಕರಗಿದ ಹನಿಯ ನೀರು ನಿಧಾನ ಆರಬೇಕು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಶಂಕರೆಪ್ಪನ ಶೆಡ್ಡಿನಲ್ಲೇ ಕಲಿತಿದ್ದಳು. ಆದರೂ ಮೂರು ವರ್ಷ ಬರೀ ಪುಡಿ ಬಂತು, ಹರಳು ಬರಲಿಲ್ಲ. ಕೊನೆಗೆ ಮೃಣಾಲ ಮೇಡಂ, ಮಾರ್ಚ್ ಮುಗಿಯುವುದರೊಳಗೆ ಹರಳು ಬರದಿದ್ದರೆ ಇದನ್ನು ಬಿಟ್ಟು ಬೇರೆ ವಿಷಯ ಹಿಡಿ ಎಂದುಬಿಟ್ಟರು.

ಸಂಕ್ರಾಂತಿಗೆ ಬಂದಾಗ ಸಂಘಮಿತ್ರಾ ರೊಟ್ಟಿ ಮುರಿಯುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ಏನಾಗೇತಿಬೇ?" ಎಂದೆ.

"ಆಯಿ, ಹಾಲಿಗೆ ಹೆಪ್ಪು ಹಾಕಿದಂಗ, ಹಳೇ ಪುಡಿ ಒಂಚೂರ ಹೊಸ ಹನಿಗೆ ಮುಟ್ಟಿಸಬೇಕು. ಸೂಜೀಲೆ ಮುಟ್ಟಿಸಿದ್ರ ಹೆಪ್ಪು ಹೆಚ್ಚಾಗತೈತಿ. ಬೆಕ್ಕಿನ ಮೀಸಿ ಸಣ್ಣಗ ಇದ್ರೂ ಬಾಗಂಗಿಲ್ಲ, ಅದ ಛಲೋ ಅಂತಾರ. ಕೀಳಾಕ ಹೋದ್ರ ಆ ಬೆಕ್ಕು ನನ್ನ ಕೈ ಪರಚಿತು."

"ನನ್ನ ಕೂದಲಾ ತಗೋ. ಬೆಳ್ಳಗ ಬೆಳ್ಳಿ ಆಗ್ಯಾವ" ಎಂದು ಒಂದು ಕಿತ್ತು ಕೊಟ್ಟೆ. ನೀರಿಗೆ ಮುಟ್ಟಿಸಿದ ಕೂಡಲೇ ಬಾಗಿತು. ಹುಡುಗಿ ನಕ್ಕಳು. ಹಾಗೇ ಹೆಬ್ಬೆರಳು ಸವರಿಕೊಂಡವಳು ಥಟ್ಟನೆ ಎದ್ದು ನಿಂತಳು.

"ಆಯಿ! ಚಾಂದನಿ ಇನ್ನೂ ಐತೇನ?"

ಇತ್ತು. ಮಲ್ಲಿಕಸಾಬನಂತೆ ಅದೂ ಮುದಿಯಾಗಿ, ವಿಜಯಪುರದ ಹತ್ತಿರ ಅವನ ಊರು ತೊರವಿಯಲ್ಲಿ ಹುಲ್ಲು ತಿಂದುಕೊಂಡು ಆರಾಮಾಗಿತ್ತು. ಬಾಲದ ಕೂದಲು ಬೇಕೆಂದಾಗ ಅವನು ಹುಬ್ಬೇರಿಸಿದ. "ಯಾರಿಗಿ ಮಾಟಾ ಮಾಡಸ್ತೀಯವಾ? ಓದಿದಾಕಿ ನೀನು!" ವಿಷಯ ತಿಳಿದ ಮೇಲೆ ಕರಗಿಹೋದ. ಮಗಳು ಪುಣೆಗೆ ಒಯ್ಯುವ ಕೂದಲು ಎಂದು ಬಾಲವನ್ನು ಬಾಚಿ, ಕುಸುಬಿ ಎಣ್ಣೆ ಹಚ್ಚಿ, ಮೇಲೆ ಅತ್ತರು ಸವರಿ, ಹನ್ನೆರಡು ಕೂದಲು ಆರಿಸಿ ಕೊಟ್ಟ. ನನಗೂ ಅದು ಬಹಳ ಚಂದ ಕಂಡಿತು.

ಫೆಬ್ರುವರಿಯಲ್ಲಿ ಪುಣೆಯಿಂದ ಫೋನು ಬಂತು. "ಆಯಿ, ಎಣ್ಣಿ ತೇಲಿ ಎಲ್ಲಾ ಹನಿ ಕೆಟ್ಟು ಹೋಗ್ಯಾವ. ಅರ್ಧ ಪ್ರೋಟೀನ ಹೋತು. ನಾನೂ ತೊಳೀಲಿಲ್ಲ, ನನ್ನ ತಪ್ಪ." ಇನ್ನೊಂದು ಸಲಕ್ಕೆ ಆಗುವಷ್ಟು ಮಾತ್ರ ಉಳಿದಿತ್ತಂತೆ.

ನಾನು ಅಂದೇ ತೊರವಿಗೆ ಹೋದೆ. ಮಲ್ಲಿಕಸಾಬ ತಲೆ ಮೇಲೆ ಕೈ ಹೊತ್ತು ಕೂತ. "ಪರಸವ್ವಕ್ಕಾ, ಮಗಳಿಗಿ ಒಣಾ ಕೂದಲಾ ಹೆಂಗ ಕೊಡ್ಲಿ ಅಂದೆ. ನಾನ ಹಾಳ ಮಾಡಿದ್ನಲ್ಲ!"

"ಅಳಬ್ಯಾಡೋ, ಅಂಟವಾಳ ತಾ" ಎಂದೆ.

ಇಬ್ಬರೂ ಸೇರಿ ಅಂಟವಾಳದ ನೊರೆಯಲ್ಲಿ ಆ ಬಾಲ ತಿಕ್ಕಿದೆವು, ಮೂರು ಸಲ. ಚಾಂದನಿ ಒಮ್ಮೆ ಬಾಲ ಬೀಸಿ ಮಲ್ಲಿಕಸಾಬನ ಮುಖಕ್ಕೆ ಸರಿಯಾಗಿ ಬಾರಿಸಿತು. "ಹೊಡಿ, ನನಗ ಬೇಕಾಗಿತ್ತ" ಎಂದ ಪಾಪ. ಕೂದಲನ್ನು ನೆರಳಲ್ಲೇ ಒಣಗಿಸಿ ಪುಣೆ ಬಸ್ಸಿಗೆ ಕೊಟ್ಟು ಕಳಿಸಿದೆವು. ಅವಳು ಅದನ್ನು ಸ್ಪಿರಿಟ್ಟಿನಲ್ಲಿ ಮತ್ತೆ ತೊಳೆದಳಂತೆ. ಸರಿಯೇ.

ಕೂದಲಿನ ತುದಿಯನ್ನು ಪುಡಿಗೆ ತಾಗಿಸಿ ಹೊಸ ಹನಿಯಲ್ಲಿ ಒಂದೇ ಗೆರೆ ಎಳೆದಳು. ಮಾರ್ಚ್ ಇಪ್ಪತ್ತೆರಡರ ಬೆಳಿಗ್ಗೆ ನೋಡಿದರೆ, ಕೂರಿಗೆಯ ಸಾಲಿನಲ್ಲಿ ಜೋಳ ಹುಟ್ಟಿದಂತೆ ಆ ಗೆರೆಯುದ್ದಕ್ಕೂ ಹರಳು! ಮೃಣಾಲ ಮೇಡಂ ತಾವೇ ಇಂದೋರಿಗೆ ಹೊರಟು ನಿಂತರು. ವಿಷಯ ಅವಳದೇ ಉಳಿಯಿತು. ಮುಳ್ಳಿನ ಬಾಗು ಸಿಕ್ಕಿತು, ಅದರ ಮೇಲೇ ಡಾಕ್ಟರ್ ಆದಳು. ಈಗ ಪುಣೆಯಲ್ಲೇ ಅವಳದೇ ಪ್ರಯೋಗಾಲಯ ಇದೆ. ಆ ಮುಳ್ಳು ಕೀಳುವ ಮದ್ದು ಹುಡುಕುತ್ತಿದ್ದಾಳೆ. ಹುಡುಕಿಯೇ ತೀರುತ್ತಾಳೆ, ನನಗೆ ಗೊತ್ತು.

ಆ ಹರಳಿನ ಬಗ್ಗೆ ಅವಳು ಬರೆದ ಲೇಖನ ಅಚ್ಚಾದ ವರ್ಷ, ಏಪ್ರಿಲ್ ಹದಿನಾಲ್ಕರ ಜಯಂತಿಗೆ ಅವಳು ಊರಿಗೆ ಬಂದಾಗ, ಅದನ್ನು ಹಿಡಿದು ಇಬ್ಬರೂ ತೊರವಿಗೆ ಹೋದೆವು. ಮಲ್ಲಿಕಸಾಬ ಹಾಳೆಯನ್ನು ತಿರುವಿ ಮುರುವಿ ನೋಡಿದ.

"ಕುದರಿ ಹೆಸರ ಹಾಕ್ಯಾರೋ ಇಲ್ಲೋ?"

"ಹಾಕೇನಿ ಕಾಕಾ. ಇಲ್ಲಿ ನೋಡ್ರಿ, ಚಾಂದನಿ. ಬಾಜೂಕ ನಿಮ್ಮ ಹೆಸರ."

"ನನ್ನದಿರಲಿ. ಅದರದು ಜೋರಾಗಿ ಓದವಾ. ಅದಕ್ಕ ಕಿವಿ ಮಂದ ಆಗೇತಿ."

ಸಂಘಮಿತ್ರಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಜೋರಾಗಿ ಓದಿದಳು.