ಮಾವನ ಕಿವಿ ಮಿಷಿನ್ನೂ ಚಾವಡಿಗೆ ಬಂದ ಬಾವಲಿಯೂ

ನನ್ನ ಮಾವ ಪ್ರಾಯದಲ್ಲಿ ಬೋಟಿನ ಇಂಜಿನ್ನಿನ ಪಕ್ಕ ಕೂತು ಕೂತು ಕಿವಿ ಕಳೆದುಕೊಂಡವರು. ತ್ರಾಸಿ ಊರಿನ ಈ ಮನೆಗೆ ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಇಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುವುದು ಮಾವನಿಗೋಸ್ಕರ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅತ್ತೆಯ ಸ್ವರವೇ ಹಾಗೆ. ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವರು ಅವರು. ಮನೆಯಂಗಳದಲ್ಲಿ ನಿಂತು ಯಾರನ್ನಾದರೂ ಕರೆದರೆ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವವರೂ ತಿರುಗಿ ನೋಡುತ್ತಿದ್ದರು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿಯಿರಬೇಕು, ನನ್ನ ಗಂಡ ತಂದೆಯನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಕಿವಿ ಮಿಷಿನ್ ಕೊಡಿಸಿಕೊಂಡು ಬಂದರು. ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಅದರ ವಯರಿನ ತುದಿಯ ಗುಂಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳಬೇಕು. ಹಾಕಿಕೊಂಡ ಮೊದಲ ದಿನವೇ ಮಾವ ನಮ್ಮೆಲ್ಲರ ಮುಖ ನೋಡಿ ಕೇಳಿದರು, "ಇಷ್ಟ್ ವರ್ಷ ನೀವೆಲ್ಲ ಹಿಂಗೇ ಬೊಬ್ಬೆ ಹೊಡೀತಿದ್ರ್ಯಾ?"

ಅಂದಿನಿಂದ ಅವರೊಂದು ಉಪಾಯ ಕಂಡುಕೊಂಡರು. ಮನೆಯಲ್ಲಿ ಗಲಾಟೆ ಏಳುವ ಸೂಚನೆ ಸಿಕ್ಕಿದ ಕೂಡಲೇ ಗುಂಡಿಯನ್ನು ಕಿವಿಯಿಂದ ಕಿತ್ತು ಕಿಸೆಗೆ ಹಾಕಿ ನೆಮ್ಮದಿಯಾಗಿ ಕೂರುವುದು.

ಒಂದು ಸಂಜೆ ಅತ್ತೆ ದೇವರಿಗೆ ದೀಪ ಹಚ್ಚುತ್ತಿದ್ದಾಗ ಸಣ್ಣದೊಂದು ಬಾವಲಿ ಕಿಟಕಿಯಿಂದ ನುಗ್ಗಿ ಮನೆಯ ಮುಂಭಾಗದ ಚಾವಡಿಯಲ್ಲಿ ಗಿರಗಿರ ಸುತ್ತತೊಡಗಿತು. ಅತ್ತೆ ಸೆರಗನ್ನು ತಲೆಗೆ ಸುತ್ತಿಕೊಂಡು ಕೂಗಿದರು, "ಹ್ವಾಯ್, ತಲಿ ಮುಚ್ಕಣಿ! ಕೂದ್ಲಿಗೆ ಸಿಕ್ಕಂಡ್ರೆ ಬಿಡತ್ತಾ ಅದ್? ಕಿಟ್ಕಿ ಹಾಕ್ ಮಾಣಿ, ಬೇಗ!"

ಮಾಣಿ ಎಂದರೆ ನನ್ನ ಗಂಡ. ಅವರು ಇದ್ದ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದರು. ಹೊರಗೆ ಹೋಗಬೇಕಾದ ಪ್ರಾಣಿಯನ್ನು ಹೀಗೆ ಒಳಗೇ ಭದ್ರವಾಗಿ ಕೂಡಿಹಾಕಿ, ಶಟ್ಲ್ ಬ್ಯಾಟು ಹಿಡಿದು ಯುದ್ಧಕ್ಕೆ ನಿಂತರು. ಮೊದಲ ಬೀಸಿಗೆ ಗೋಡೆಯ ಕ್ಯಾಲೆಂಡರ್ ಬಿತ್ತು. ಎರಡನೆಯದಕ್ಕೆ ಬಟ್ಟೆ ಒಣಗಿಸುವ ಹಗ್ಗ ಹರಿದು ಒದ್ದೆ ಲುಂಗಿ ಅವರ ತಲೆಯ ಮೇಲೆಯೇ ಬಿತ್ತು. ಬಾವಲಿ ಮಾತ್ರ ಅದುವರೆಗೆ ಆ ಹಗ್ಗದ ಮೇಲೂ ಕೆಳಗೂ ಹಾರಿದ್ದರೂ ಒಮ್ಮೆಯೂ ಅದನ್ನು ತಾಗಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸುಮ್ಮನಿರಲು ಆಗಲಿಲ್ಲ.

"ಅದ್ ಕೂಗ್ತಾ ಕೂಗ್ತಾ ಹಾರುದ್," ಎಂದೆ. "ಆ ಕೂಗ್ ಗೋಡಿಗೆ, ಹಗ್ಗಕ್ಕೆ, ನಿಮ್ ಬ್ಯಾಟಿಗೆ ತಾಗಿ ವಾಪಸ್ ಬತ್ತ್. ಅದನ್ನ್ ಕೇಂಡೇ ಎಲ್ಲಿ ಎಂತ ಇತ್ತ್ ಅಂದ್ ಅದ್ಕೆ ಗೊತ್ತಾತ್ತ್. ಕತ್ಲಿಯಾರೂ ತೊಂದ್ರಿ ಇಲ್ಲೆ. ಕಿಟ್ಕಿ ತೆಗ್ದ್ ಸುಮ್ನೆ ಕೂಕಂಡ್ರೆ ತನ್ನಷ್ಟ್ಕೆ ಹೋತ್ತ್."

"ನಂಗೆ ಒಂದ್ ಕೂಗೂ ಕೇಂತಿಲ್ಲೆಲೆ?" ಅತ್ತೆ ಸೆರಗಿನೊಳಗಿಂದ ಕೇಳಿದರು.

"ಮನ್ಷ್ರ ಕಿವಿಗೆ ಅದ್ ಕೇಂತಿಲ್ಲೆ ಅತ್ತೆ. ಅಷ್ಟ್ ಸಪೂರ ಸ್ವರ."

ನನ್ನ ಬಾಯಿ ಮುಚ್ಚುವುದರೊಳಗೆ ಚಾವಡಿಯಲ್ಲಿ ಒಂದು ಸದ್ದು ಎದ್ದಿತು. ಕುಂಯ್ಯ್ಯ್… ಸೂಜಿಯಷ್ಟು ಸಪೂರ, ಆದರೆ ಎಲ್ಲರಿಗೂ ಚೆನ್ನಾಗಿಯೇ ಕೇಳುತ್ತಿತ್ತು.

ಅತ್ತೆ ಸೆರಗು ಸರಿಸಿ ನನ್ನನ್ನೇ ನೋಡಿದರು. "ಹಂಗಾರೆ ಇದ್ ಎಂತ? ಶಾಲಿಯಗೆ ಮಕ್ಳಿಗೂ ಇದ್ನೇ ಹೇಳ್ಕೊಡುದಾ ನೀನ್?"

ಅಷ್ಟರಲ್ಲಿ ಬಾವಲಿ ಸುಸ್ತಾಗಿ ಮೂಲೆಯಲ್ಲಿ ಹೆಂಚಿನಡಿಯ ಪಕಾಸಿಗೆ ಜೋತುಬಿದ್ದಿತ್ತು. ಗಂಡ ಸ್ಟೂಲು ಹತ್ತಿ ಅದರ ಹತ್ತಿರ ಕಿವಿಗೊಟ್ಟರು. "ಇದ್ ಸುಮ್ನಿತ್ತ್. ಸದ್ದ್ ಕೆಳ್ಗೆ," ಎಂದರು. ಎಲ್ಲರೂ ಸದ್ದನ್ನು ಹುಡುಕುತ್ತ ಹೊರಟೆವು. ಮಾವನ ಕುರ್ಚಿಯ ಹತ್ತಿರ ಹೋದಷ್ಟೂ ಅದು ಜೋರಾಯಿತು. ಅತ್ತೆ ಬಗ್ಗಿ ಮಾವನ ಎದೆಗೆ ಕಿವಿಯಿಟ್ಟರು.

"ಅಯ್ಯೋ ದೇವ್ರೇ! ಇನ್ನೊಂದ್ ಇವ್ರ ಅಂಗಿಯೊಳ್ಗೆ ಹೊಕ್ಕಿತ್ತ್!"

ಮಾವನಿಗೆ ಇದಾವುದೂ ಕೇಳುತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ಹೆಂಡತಿ ಬಂದು ಎದೆಗೆ ತಲೆಯಿಟ್ಟದ್ದಷ್ಟೇ ಅವರಿಗೆ ಗೊತ್ತಾದದ್ದು. ಮುಖ ಕೆಂಪಾಯಿತು. ಮೆಲ್ಲಗೆ, ಎಂದರೆ ಅವರ ಲೆಕ್ಕದ ಮೆಲ್ಲಗೆ, ಹೇಳಿದರು, "ಎಂತ ಮಾರಾಯ್ತಿ ಇದ್! ಮಕ್ಳ್ ಕಾಂತೊ!"

ನನ್ನ ಗಂಡ ಸ್ಟೂಲಿನಿಂದ ಇಳಿದು ಒಳಗೆ ಹೋಗಿ ನಕ್ಕು ಬಂದರು. ನಾನು ಮಾವನ ಕಿಸೆಗೆ ಕೈಹಾಕಿ ಮಿಷಿನ್ ಹೊರಗೆಳೆದೆ. ಗಲಾಟೆ ಶುರುವಾದಾಗ ಎಂದಿನಂತೆ ಕಿತ್ತು ಕಿಸೆಗೆ ಹಾಕಿಕೊಂಡಿದ್ದಾರೆ, ಈ ಸಲ ಸ್ವಿಚ್ ಆರಿಸಿಲ್ಲ. ಗುಂಡಿಯನ್ನೂ ಪೆಟ್ಟಿಗೆಯನ್ನೂ ದೂರ ಹಿಡಿದೆ, ಸದ್ದು ನಿಂತಿತು. ಹತ್ತಿರ ತಂದೆ, ಮತ್ತೆ ಕುಂಯ್ಯ್. ಗುಂಡಿಯಿಂದ ಹೊರಟ ಸದ್ದನ್ನು ಪೆಟ್ಟಿಗೆ ಕೇಳಿಸಿಕೊಳ್ಳುತ್ತದೆ, ದೊಡ್ಡದು ಮಾಡಿ ಮತ್ತೆ ಗುಂಡಿಗೇ ಕಳಿಸುತ್ತದೆ. ಬಾವಲಿ ತನ್ನ ಕೂಗು ತಾನೇ ಕೇಳಿ ದಾರಿ ತಿಳಿದುಕೊಂಡರೆ, ಇದು ತನ್ನ ಕೂಗು ತಾನೇ ಕೇಳಿ ಇನ್ನಷ್ಟು ಕಿರುಚುತ್ತದೆ ಎಂದು ಅತ್ತೆಗೆ ವಿವರಿಸಿದೆ. ಅವರು ತಲೆ ಆಡಿಸಿದರು.

ಕಿಟಕಿ ತೆಗೆದು, ಲೈಟು ಆರಿಸಿ, ನಾಲ್ವರೂ ನೆಲದ ಮೇಲೆ ಕೂತೆವು. ಕತ್ತಲೆಯಲ್ಲಿ ತಲೆಯ ಮೇಲೆ ಒಂದು ಸಲ ಗಾಳಿ ಆಡಿದಂತಾಯಿತು. ಲೈಟು ಹಾಕಿದಾಗ ಪಕಾಸಿನ ಮೇಲೆ ಏನೂ ಇರಲಿಲ್ಲ. ನಾನು ಹೇಳಿದ್ದೇ ಆಯಿತಲ್ಲ ಎಂದು ಹೆಮ್ಮೆಪಟ್ಟೆ.

ಮರುದಿನ ಅತ್ತೆ ಮೀನು ಮಾರುಕಟ್ಟೆಯಲ್ಲಿ ಹೇಳಿದ ಕತೆ ಬೇರೆಯೇ ಇತ್ತು. ಕಿವಿ ಮಿಷಿನ್ ಕೂಗಿದ್ದಕ್ಕೆ ಬಾವಲಿ ಬಂದದ್ದಂತೆ. ನಮ್ಮ ಸೊಸೆಯೇ ವಿಜ್ಞಾನದಲ್ಲಿ ಹಾಗೆಂದಳಂತೆ.

ಸಂಜೆಗೆ ನೆರೆಮನೆಯಾಕೆ ಬಂದರು. ಅವರ ಬೆಕ್ಕು ಕಾಣೆಯಾಗಿತ್ತು. "ಒಂದ್ ಗಳ್ಗಿ ಆ ಮಿಷಿನ್ ಕೊಡ್ತ್ರಿಯಾ? ಕರ್ದ್ ಕಾಂತೆ." ನಾನು ಬೇಡವೆನ್ನುವ ಮೊದಲೇ ಮಾವ ಸಂತೋಷದಿಂದ ಕಳಚಿ ಕೊಟ್ಟರು. ಆಕೆ ಅದನ್ನು ಕೈಯಲ್ಲಿ ಕಿರುಚಿಸುತ್ತ ತೆಂಗಿನ ತೋಟವೆಲ್ಲ ಸುತ್ತಿದರು. ಊರಿನ ನಾಯಿಗಳು ಬೆನ್ನು ಹತ್ತಿದವು. ಬೆಕ್ಕು ಬರಲಿಲ್ಲ. ಆದರೆ ಆಕೆ ಮನೆಗೆ ಹೋಗಿ ರಾತ್ರಿಯೂಟಕ್ಕೆ ಮೀನು ಹುರಿಯಲು ಕೂತಾಗ ಹಿತ್ತಿಲ ಬಾಗಿಲಿಂದ ಅದಾಗಿಯೇ ಒಳಗೆ ಬಂತಂತೆ.

ಊಟದ ಹೊತ್ತಿಗೆ ಸುದ್ದಿ ನಮ್ಮ ಮನೆ ಮುಟ್ಟಿತು. ಅತ್ತೆ ನನ್ನ ಬಟ್ಟಲಿಗೆ ಸಾರು ಬಡಿಸುತ್ತ ಕೇಳಿದರು, "ಬೆಕ್ಕಿನ್ ವಿಷ್ಯ ನಿಮ್ ಪುಸ್ತ್ಕದಗೆ ಇತ್ತಾ?"

ಇಲ್ಲ ಎಂದೆ.

"ಹಂಗಾರೆ ಅದ್ನೂ ಬರ್ದ್ ಹಾಕೂಕ್ ಹೇಳ್," ಎಂದರು.