ಎರಡನೇ ಸಲ ಅಂದ ‘ಲಾಭ’

ಅದು 2021ರ ಬೇಸಿಗೆ, ಕೊರೊನಾದ ಎರಡನೇ ಅಲೆ. ನಾನು ನಮ್ಮ ಭಾಗದ ಒಂದು ಸರಕಾರಿ ಆಸ್ಪತ್ರೆಯಲ್ಲಿ ಡಿ ದರ್ಜೆ ನೌಕರನಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಹುದ್ದೆಯ ಹೆಸರು ಮಾತ್ರ ವಾರ್ಡ್ ಬಾಯ್. ಓದಿದ್ದು ನಾಲ್ಕನೇ ಕ್ಲಾಸು. ಇಂಥವನು ಬರೆಯಲು ಕೂತಿದ್ದೇಕೆ ಅಂದರೆ, ನನ್ನ ಮೊಮ್ಮಗಳು ಸುಜಾತ ಈ ತಿಂಗಳು ಕೂಡ್ಲಿಗಿ ಕಡೆ ಸ್ಟಾಫ್ ನರ್ಸ್ ಆಗಿ ಕೆಲಸಕ್ಕೆ ಸೇರಿದಳು. ಅವಳನ್ನು ಬಿಟ್ಟು ಬರುವಾಗ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಪೇಢೆ ಹಂಚಿದೆ. ಕಂಡಕ್ಟರ್ ಎರಡು ತಗೊಂಡ. “ತಾತ, ಆ ಕೊಟ್ರಪ್ಪನ ಕತಿ ಬರಿ, ನಾನು ತಿದ್ದತೀನಿ” ಅಂತ ನಾನು ಹೊರಡುವಾಗ ಸುಜಾತ ಅಂದಿದ್ದಳು. ತಿದ್ದಿದ್ದಾಳೆ. ಇಲ್ಲಿರುವ ಇಂಗ್ಲಿಷ್ ಪದಗಳು ಅವಳವು, ಕಣ್ಣಾರೆ ಕಂಡದ್ದು ನನ್ನದು.

ಕೊಟ್ರಪ್ಪ ಹಂಪಸಾಗರದ ಕಡೆಯ ರೈತ, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಒಂಬತ್ತನೇ ಹಾಸಿಗೆ. ಬಂದಾಗ ರಕ್ತದಲ್ಲಿ ಆಕ್ಸಿಜನ್ ಎಂಬತ್ತಾರು ಇತ್ತು, ತೊಂಬತ್ತೈದರ ಮೇಲಿರಬೇಕು. ಮೂಗು ಬಾಯಿಗೆ ಮಾಸ್ಕ್ ಹಾಕಿದರೆ ಕಿತ್ತು ಕಿತ್ತು ಎಸೆಯುತ್ತಿದ್ದ. ಈ ರೋಗ ಪುಪ್ಪುಸವನ್ನಷ್ಟೇ ಹಿಡಿಯುವುದಿಲ್ಲ, ಮಿದುಳು ನರಗಳಿಗೂ ಕೈ ಹಾಕುತ್ತದೆ ಎಂದು ನಮಗೆ ಆಗಲೇ ಗೊತ್ತಾಗಿತ್ತು. ಕೆಲವರಿಗೆ ವಾಸನೆ ರುಚಿ ಹೋಗುತ್ತಿತ್ತು. ಕೆಲವರು ಆಸ್ಪತ್ರೆಯನ್ನು ಹೊಲ ಅಂದುಕೊಂಡು ಎತ್ತು ಹೊಡೆಯುತ್ತಿದ್ದರು. ಹಾಗೆ ದಿಕ್ಕು ತಪ್ಪುವುದಕ್ಕೆ ಡೆಲಿರಿಯಂ ಎನ್ನುತ್ತಾರೆ. ಅದನ್ನು ಪತ್ತೆ ಮಾಡಲು ಹೆಸರು, ಊರು, ವಾರ ಕೇಳುತ್ತಾರೆ, ಅಂಕಿ ಎಣಿಸಲು ಹೇಳುತ್ತಾರೆ.

ನಮ್ಮ ಡಾಕ್ಟರಮ್ಮ ಮೈಸೂರು ಸೀಮೆಯವರು, ಹೊಸಬರು. ಹಾಸಿಗೆಯ ಪಕ್ಕ ಬಗ್ಗಿ ಕೇಳಿದರು:

“ಅಜ್ಜ, ಒಂದರಿಂದ ಹತ್ತರವರೆಗೆ ಎಣಿಸಿ ನೋಡೋಣ.”

ಕೊಟ್ರಪ್ಪ ಮಾಸ್ಕಿನೊಳಗಿಂದಲೇ ಶುರು ಮಾಡಿದ. “ಲಾಭ… ಎರಡು… ಮೂರು… ನಾಕು…”

ಡಾಕ್ಟರಮ್ಮ ನರ್ಸಿನ ಮುಖ ನೋಡಿದರು. ‘ಕನ್‌ಫ್ಯೂಸ್ಡ್’ ಅಂತ ಬರೆಸಿದರು. ಮಾಸ್ಕ್ ಕೀಳದಂತೆ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಲು ನನಗೇ ಹೇಳಿದರು. ಬಟ್ಟೆ ಕೈಯಲ್ಲಿ ಹಿಡಿದು ನಿಂತೆ.

“ಮೇಡಂ, ಅವ ತಪ್ಪಂದಿಲ್ರಿ. ರಾಶಿ ಅಳಿಯೋರು ಒಂದು ಅನ್ನಂಗಿಲ್ರಿ, ಲಾಭ ಅಂತಾರ್ರಿ.”

ನಮ್ಮಪ್ಪ ಕಣದಲ್ಲಿ ಕೂಲಿ ಮಾಡುತ್ತಿದ್ದವನು. ಅಲ್ಲಿ ಕೇಳಿದ್ದು ನನ್ನ ಕಿವಿಯಲ್ಲಿತ್ತು. ಕಾಳು ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದು ಒಂಟಿ ಮಾತು, ಶುಭವಲ್ಲ ಅಂತ ‘ಲಾಭ’ ಎನ್ನುವರು. ಆಮೇಲೆ ಎರಡು, ಮೂರು ಎಂದು ಸರಿಯಾಗಿಯೇ ಹೋಗುವರು. ಕೊಟ್ರಪ್ಪನ ಕೈ ಗುಣ ಒಳ್ಳೆಯದೆಂದು ಸುತ್ತಲಿನ ಊರುಗಳಲ್ಲಿ ರಾಶಿ ಅಳೆಯಲು ಅವನನ್ನೇ ಕರೆಯುತ್ತಿದ್ದರಂತೆ. ಡಾಕ್ಟರಮ್ಮ ಮುಸುಕಿನೊಳಗೇ ನಕ್ಕರು, ಬರೆದದ್ದನ್ನು ಹೊಡೆದು ಹಾಕಿಸಿದರು. ಕೈ ಕಟ್ಟಲಿಲ್ಲ. ಕೂತು ತಿಳಿಸಿ ಹೇಳಿದ ಮೇಲೆ ಅವನೂ ಮಾಸ್ಕ್ ಕೀಳಲಿಲ್ಲ.

ಅಲ್ಲಿಂದ ದಿನಕ್ಕೆ ಮೂರು ಸಲ ಅವನ ಎಣಿಕೆ ವಾರ್ಡಿಗೆಲ್ಲ ಆಟವಾಯಿತು. ಹತ್ತನೇ ಹಾಸಿಗೆಯವನು ಕೆಮ್ಮುತ್ತಲೇ ಕೆಣಕುವನು: “ಏ ಕೊಟ್ರಪ್ಪ, ಇವತ್ತು ಎಷ್ಟು ಕೊಳಗ ಆತೋ?”

“ನಿನ್ನ ಕೆಮ್ಮು ಅಳಿಯಾಕ ಕೊಳಗ ಸಾಲಂಗಿಲ್ಲಲೇ, ಕಾಳು ತುಂಬೋ ಹಗೇವು ಬೇಕು!”

ನಾಲ್ಕನೇ ದಿನಕ್ಕೆ ಆಕ್ಸಿಜನ್ ತೊಂಬತ್ನಾಲ್ಕಕ್ಕೆ ಬಂತು. ಐದನೇ ದಿನ ಬೆಳಿಗ್ಗೆ ಏಳಕ್ಕೆ ಹಾಸಿಗೆ ಬಟ್ಟೆ ಬದಲಿಸುವಾಗ, “ದುರುಗ, ನಿನ್ನ ಕೈ ಎಮ್ಮಿ ಮೂಗಿನಂಗ ತಣ್ಣಗದಾವಲೇ” ಎಂದು ಬೈದ. ಎಂಟಕ್ಕೆ ನಾನು ಉಪ್ಪಿಟ್ಟು ಹಂಚುತ್ತ ಬಂದಾಗ ನರ್ಸಮ್ಮ ಅವನ ಎಣಿಕೆ ಕೇಳುತ್ತಿದ್ದರು.

“ಲಾಭ… ಲಾಭ… ಲಾಭ…”

“ಇವತ್ತು ಅಜ್ಜಗ ಬರೇ ಲಾಭನ!” ಅಂತ ನರ್ಸಮ್ಮ ನಕ್ಕು, ಸರಿ ಎಂದು ಗುರುತು ಹಾಕಿದರು. ಹತ್ತನೆಯವನೂ ನಕ್ಕ. ಕೊಟ್ರಪ್ಪ ನಗಲಿಲ್ಲ.

ನಾನು ಚಮಚ ಅವನ ಬಲಗೈಗೆ ಕೊಟ್ಟೆ. ಬಿತ್ತು. ಎತ್ತಿ ಕೊಟ್ಟೆ. ಮತ್ತೆ ಬಿತ್ತು. “ಎರಡು ಅನ್ನಪಾ” ಅಂದೆ. ತುಟಿ ಒಂದು ಕಡೆಗೆ ಎಳೆದಂತಾಗಿ “ಲಾಭ” ಎಂದ. ಕಣ್ಣು ತುಂಬಿ ಬಂದವು. ತಪ್ಪು ಹೇಳುತ್ತಿದ್ದೇನೆಂದು ಅವನಿಗೇ ಗೊತ್ತಿತ್ತು.

ಕಣದಲ್ಲಿ ಲಾಭ ಒಂದೇ ಸಲ. ಎರಡನೇ ಸಲ ಬಾಯಿಗೆ ಬಂದರೆ ಎಣಿಕೆ ತಪ್ಪಿತೆಂದೇ ಅರ್ಥ. ಅಳೆದದ್ದನ್ನೆಲ್ಲ ರಾಶಿಗೆ ಸುರಿದು ಮೊದಲಿಂದ ಶುರು ಮಾಡಬೇಕು. ರಾಶಿ ಅಳೆಯುವವನು ತಮಾಷೆಗೂ ಹಾಗೆ ಅನ್ನುವುದಿಲ್ಲ.

ನರ್ಸಮ್ಮನಿಗೆ ಹೇಳಿದೆ. ಅವರು ಹರಪನಹಳ್ಳಿಯವರು, ಕೆಟ್ಟವರಲ್ಲ. ಇಪ್ಪತ್ತು ಹಾಸಿಗೆಗೆ ಅವರೊಬ್ಬರೇ. “ಅಲ್ಲ ದುರುಗಣ್ಣ, ಲಾಭ ಅನ್ನೋದು ಸರಿ ಅಂತ ನೀನೇ ಹೇಳಿದ್ಯಲ್ಲ? ಆಕ್ಸಿಜನ್ ಚೆನ್ನಾಗೈತಿ. ನಿದ್ದಿ ಇಲ್ಲ ಪಾಪ, ಮಲಗಲಿ ಬಿಡು.”

ನಾನಾಡಿದ ಮಾತೇ ನನಗೆ ಅಡ್ಡ ಬಂತು. ಮುಂದಿನ ಮೂರು ಹಾಸಿಗೆಗೆ ಉಪ್ಪಿಟ್ಟು ಕೊಟ್ಟೆ. ನಾಲ್ಕನೇ ತಟ್ಟೆ ಕೈಯಲ್ಲಿದ್ದಾಗ ತಿರುಗಿ ನೋಡಿದೆ: ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದ, ಬೇರೆಯವರ ಸಾಮಾನು ಎತ್ತಿಡುವ ಹಾಗೆ. ತಟ್ಟೆ ಅಲ್ಲೇ ಇಟ್ಟು ಹೊರಟೆ.

ಡಾಕ್ಟರಮ್ಮ ಆಗಷ್ಟೇ ಪಿಪಿಇ ಕಿಟ್ ಬಿಚ್ಚಿ ನೀರು ಕುಡಿಯುತ್ತಿದ್ದರು. ಒಂದೇ ಉಸಿರಿಗೆ ಹೇಳಿದೆ. “ಮೇಡಂ, ಲಾಭ ಒಂದ ಸಲ ಅನ್ನೋದ್ರಿ. ಅವ ಎರಡಕ್ಕೂ ಲಾಭ ಅನ್ನಾಕ ಹತ್ಯಾನ. ಬಲಗೈ ಬಿದ್ದೈತ್ರಿ.”

ಅವರು ಕೇಳಿದ್ದು ಒಂದೇ: “ಕೊನೆಗೆ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ?”

“ಏಳಕ್ಕರಿ. ನನಗ ಬೈದಾನ.”

“ಬೈದಿದ್ದು ಸ್ಪಷ್ಟವಾಗಿತ್ತಾ?”

“ಭಾಳ ಸ್ಪಷ್ಟ ಇತ್ರಿ.”

ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿನ ನಾಳಕ್ಕೆ ಸಿಕ್ಕಿಕೊಳ್ಳುವುದುಂಟು. ಅದು ಸ್ಟ್ರೋಕ್. ಮಿದುಳಿನ ಎಡಭಾಗಕ್ಕೆ ಹೊಡೆದರೆ ಬಲಗೈ ಬೀಳುತ್ತದೆ, ಮಾತೂ ಕೆಡುತ್ತದೆ. ಮನಸ್ಸಿನಲ್ಲಿ ಎರಡು ಇದ್ದರೂ ನಾಲಿಗೆಗೆ ಒಂದೇ ಪದ ಸಿಗುವುದಕ್ಕೆ ಅಫೇಸಿಯಾ ಎನ್ನುತ್ತಾರೆ ಎಂದು ಸುಜಾತ ಹೇಳುತ್ತಾಳೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ನಾಲ್ಕೂವರೆ ತಾಸಿನೊಳಗೆ ಬೀಳಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಏಳರಿಂದ ಲೆಕ್ಕ ಹಿಡಿದರೆ ಹನ್ನೊಂದೂವರೆ ಕಡೇ ಗಳಿಗೆ. ಸ್ಕ್ಯಾನ್ ಇದ್ದ ದೊಡ್ಡ ಆಸ್ಪತ್ರೆ ಎರಡು ತಾಸಿನ ದಾರಿ.

ಎಂಟೂ ನಲವತ್ತಕ್ಕೆ ಆಂಬುಲೆನ್ಸ್ ಬಿಟ್ಟಿತು. ಜೊತೆಗೆ ನಾನು ಹೋದೆ. ದಾರಿಯುದ್ದಕ್ಕೂ ಅವನು ಎಡಗೈಯಿಂದ ನನ್ನ ಗ್ಲೌಸ್ ಹಿಡಿದುಕೊಂಡೇ ಇದ್ದ. ಡಾಕ್ಟರಮ್ಮ ಮೊದಲೇ ಫೋನ್ ಮಾಡಿದ್ದರಿಂದ ಅಲ್ಲಿ ಬಾಗಿಲಲ್ಲೇ ಸ್ಟ್ರೆಚರ್ ಕಾದಿತ್ತು. ಹನ್ನೊಂದೂ ಹತ್ತಕ್ಕೆ ಇಂಜೆಕ್ಷನ್ ಬಿತ್ತು.

ಮೂರು ವಾರಕ್ಕೆ ಮನೆಗೆ ಹೋದ. ಮಾತು ತಡವರಿಸುತ್ತ ಬಂದು, ಆರು ತಿಂಗಳಲ್ಲಿ ಬೈಯುವಷ್ಟು ನೆಟ್ಟಗಾಯಿತು. ಬಲಗೈ ಎದ್ದಿತು, ಆದರೆ ಬೆರಳು ಪೂರ್ತಿ ಮಡಚುವುದಿಲ್ಲ. ಕೊಳಗ ಹಿಡಿಯಲಾಗುವುದಿಲ್ಲ. ಈಗ ಮಗಳು ಅಳೆಯುತ್ತಾಳೆ, ಅವನು ಪಕ್ಕದಲ್ಲಿ ಕೂತು ಎಣಿಸುತ್ತಾನೆ.

ಉಪ್ಪಿಟ್ಟು ಕೊಡುತ್ತ ಕಳೆದ ಆ ಹತ್ತು ನಿಮಿಷ ಉಳಿದಿದ್ದರೆ ಬೆರಳೂ ಉಳಿಯುತ್ತಿದ್ದವೇ ಎಂದು ಡಾಕ್ಟರಮ್ಮನನ್ನು ಒಮ್ಮೆ ಕೇಳಿದೆ. “ಹೇಳೋಕಾಗಲ್ಲ ದುರುಗಪ್ಪ” ಅಂದರು. ಇಲ್ಲ ಅನ್ನಲಿಲ್ಲ.

ರೋಗಿಗೆ ಏನಾಗಿದೆ ಎಂದು ಹೇಳಲು ಓದು ಬೇಕು. ನಿನ್ನೆ ಹೇಗಿದ್ದ, ಇವತ್ತು ಹೇಗಿದ್ದಾನೆ ಎಂದು ಹೇಳಲು ಪಕ್ಕದಲ್ಲಿ ನಿಂತಿದ್ದರೆ ಸಾಕು, ನಾಲ್ಕನೇ ಕ್ಲಾಸಿನವನೂ ಹೇಳಬಲ್ಲ. ನನ್ನ ಮೊಮ್ಮಗಳು ನನಗಿಂತ ಹತ್ತು ಪಟ್ಟು ಓದಿದ್ದಾಳೆ. ಬಿಳಿ ಕೋಟು ಹಾಕಿಕೊಂಡು ನಿಂತರೆ ನನ್ನ ಕಣ್ಣೇ ತಾಗೀತು. ಅವಳಿಗೆ ನಾನು ಕಲಿಸಲು ಇರುವುದು ಇಷ್ಟೇ: ನಿನ್ನ ವಾರ್ಡ್ ಬಾಯ್ ಓಡಿ ಬಂದು ಏನೋ ಹೇಳಿದರೆ, ಅವನ ಮಾತು ಮುಗಿಯುವ ಮೊದಲೇ ನೀನು ಎದ್ದಿರಬೇಕು.